ನಾಲ್ಕು ಶಾಲೆ, ಒಂದು ತಾಟು

ಫೆಬ್ರವರಿ 10, ಸೋಮವಾರ

ಸಂಜೆ ಏಳೂಕಾಲು. ಇವತ್ತು ದವಾಖಾನೆಗೆ ಎರಡು ಎಮ್ಮೆ, ಒಂದು ಕುಂಟುವ ಹೋರಿ, ಪ್ಲಾಸ್ಟಿಕ್ ಚೀಲ ನುಂಗಿದ ಒಂದು ಆಡು ಬಂದಿದ್ದವು. ಹೋರಿಯನ್ನು ನಾನೇ ಹಿಡಿದೆ. ಮೂಗುದಾರ ಹಿಡಿದು ಕುತ್ತಿಗೆಯ ಕೆಳಗೆ ಮೆಲ್ಲಗೆ ಕೆರೆದರೆ ಎಂಥ ಹೋರಿಯೂ ನಿಲ್ಲುತ್ತದೆ. ವಾಡಿಯ ಈ ಪಶು ಆಸ್ಪತ್ರೆಯಲ್ಲಿ ಹದಿನಾರು ವರ್ಷ ಜವಾನನಾಗಿ ನಾನು ಕಲಿತದ್ದು ಇಷ್ಟೇ: ಹಿಡಿಯುವುದು, ಸುಮ್ಮನಿರುವುದು.

ಈ ಡೈರಿ ಔಷಧ ಕಂಪನಿಯವರು ಡಾಕ್ಟರ್ ಕಲ್ಯಾಣಪ್ಪ ಸಾಹೇಬರಿಗೆ ಕೊಟ್ಟದ್ದು. ಅವರು ನನಗೆ ಕೊಟ್ಟರು. ಪ್ರತಿ ಪುಟದ ಕೆಳಗೂ ದನಗಳ ಬಗ್ಗೆ ಒಂದು ಮಾತು ಅಚ್ಚಾಗಿದೆ. ಇವತ್ತಿನದು: "ಗುಂಪಿಗೆ ಹೊಸ ದನ ಸೇರಿಸಿದಾಗ, ಮೇವು ತಿನ್ನುವ ಹೊತ್ತಿನಲ್ಲಿ ಗಮನಿಸಿ."

ಮಧ್ಯಾಹ್ನ ಸಾಹೇಬರು ಕರೆದು ಒಂದು ಫಾರ್ಮು ಕೊಟ್ಟರು. ನಾನು ವರ್ಗಾವಣೆ ಕೇಳಿದ್ದೆ. ಖಾಲಿ ಇರುವ ಜಾಗ ನಾಲ್ಕು: ಚಿತ್ತಾಪುರ, ಶಹಾಬಾದ್, ಸೇಡಂ, ಚಿಂಚೋಳಿ. ಒಂದನ್ನು ಬರೆದು ಮಾರ್ಚ್ ಹತ್ತರೊಳಗೆ ಕೊಡಬೇಕು. ಒಮ್ಮೆ ಬರೆದರೆ ಮೂರು ವರ್ಷ ಕದಲುವಂತಿಲ್ಲ. ಎಂಟು, ಒಂಬತ್ತು, ಹತ್ತು. ಬರೋಬರಿ ಲುಂಬಿನಿಯ ಹೈಸ್ಕೂಲಿನಷ್ಟು.

ಮಗಳಿಗಾಗಿಯೇ ಕೇಳಿದ್ದು. ಅವಳು ಈಗ ಏಳನೇ ತರಗತಿ. ಅವಳು ಓದುವ ಶಾಲೆಯಲ್ಲೇ ಅವಳ ತಾಯಿ ಲಾಲಮ್ಮ ಬಿಸಿಯೂಟದ ಅಡುಗೆ ಮಾಡುತ್ತಿದ್ದಳು. ನವೆಂಬರಿನಲ್ಲಿ ಲಾಲಮ್ಮ ತೀರಿಹೋದಳು. ಅಂದಿನಿಂದ ಲುಂಬಿನಿ ಹತ್ತಿರ ಬಂದರೆ ಮಕ್ಕಳೆಲ್ಲ ಮಾತು ನಿಲ್ಲಿಸುತ್ತಾರಂತೆ. ವಾಡಿಯ ಹೈಸ್ಕೂಲಿಗೆ ಹೋದರೂ ಅದೇ ಮಕ್ಕಳು. ಜನವರಿಯಲ್ಲಿ ಒಂದು ದಿನ ಕೇಳಿದಳು: "ಅಪ್ಪಾ, ನಾ ಬಂದ್ರ ಸುಮ್ಮಾಗಲಾರದ ಸಾಲಿ ಎಲ್ಲರೆ ಅದ ಏನು?"

ಆಮೇಲೆ ಅವಳು ಹೆಚ್ಚು ಮಾತಾಡಿಲ್ಲ. ನಾನು ಮೊದಲಿನಿಂದಲೂ ಮಾತಿನವನಲ್ಲ. ಮನೆಯಲ್ಲಿ ರೈಲಿನ ಸದ್ದೇ ಹೆಚ್ಚು.

ಲಾಲಮ್ಮ ಹೇಳುತ್ತಿದ್ದಳು: "ಸಾಲಿ ಎಂಥಾದಂತ ತಿಳಿಬೇಕಂದ್ರ ಹೆಡ್ ಮಾಸ್ತರ ಖೋಲಿಗಿ ಹೋಗಬ್ಯಾಡ. ಮಕ್ಕಳು ಉಣ್ಣಾಗ ನಿಂತ ನೋಡು." ಡೈರಿಯ ಮಾತೂ ಅವಳ ಮಾತೂ ಒಂದೇ ಆಯಿತು. ಪಾಲಕರು ಬಂದರೆ ಬಿಸಿಯೂಟದ ರುಚಿ ನೋಡಿ ಅಡುಗೆಮನೆಯ ಪುಸ್ತಕದಲ್ಲಿ ಎರಡು ಮಾತು ಬರೆಯಬಹುದು. ಆ ನೆಪದಲ್ಲಿ ನಾಲ್ಕೂ ಊರಿನ ಸರ್ಕಾರಿ ಹೈಸ್ಕೂಲು ನೋಡಿ ಬರುತ್ತೇನೆ.

ಅನ್ನ, ಬೇಳೆ ಮಾಡಿದೆ. ಉಂಡೆವು. ನವೆಂಬರಿನಲ್ಲಿ ತಂದ ಉಪ್ಪಿನ ಪ್ಯಾಕೆಟ್ಟು ಇನ್ನೂ ಅರ್ಧ ಇದೆ.

ಫೆಬ್ರವರಿ 13, ಗುರುವಾರ

ಸಂಜೆ ಏಳು. ಪ್ಯಾಸೆಂಜರ್ ಹಿಡಿದು ಚಿತ್ತಾಪುರಕ್ಕೆ ಹೋಗಿ ಬಂದೆ. ಶಾಲೆಗಳ ಹೆಸರು ಬರೆಯುವುದಿಲ್ಲ, ಡೈರಿ ಯಾರ ಕೈಗಾದರೂ ಸಿಕ್ಕರೆ ಎಂದು. ಇದು ಅಂಗಳದಲ್ಲಿ ಬೇವಿನ ಮರ ಇರುವ ಶಾಲೆ.

ಲಾಲಮ್ಮನ ತಾಟು ಒಯ್ದಿದ್ದೆ. ಅವಳು ಎಲ್ಲಿ ಹೋದರೂ ತನ್ನ ತಾಟು ಚೀಲದಲ್ಲಿ ಇಟ್ಟುಕೊಂಡೇ ಹೋಗುತ್ತಿದ್ದಳು. ಯಾರ ತಾಟಿನಲ್ಲಿ ಯಾರು ಉಂಡರು ಎಂಬ ರಗಳೆಯೇ ಬೇಡ ಅನ್ನುತ್ತಿದ್ದಳು. ಅಂಚಿನಲ್ಲಿ ಚುಕ್ಕಿ ಚುಕ್ಕಿಯಾಗಿ ಅವಳ ಹೆಸರು ಕೊರೆಸಿದೆ. ಮದುವೆಯ ವರ್ಷ ಶಹಾಬಾದಿನ ಪಾತ್ರೆ ಅಂಗಡಿಯಲ್ಲಿ ಕೊರೆಸಿದ್ದು. ನಾನು ಆ ಹೆಸರಿನ ಮೇಲೆ ಹೆಬ್ಬೆರಳು ಇಟ್ಟುಕೊಂಡು ಹಿಡಿದೆ. ಯಾರಾದರೂ ಕೇಳಿದರೆ ಹೇಳಬೇಕಾಗುತ್ತದೆ.

ಅಡುಗೆಯ ಹೆಂಗಸು ಭಾಗಮ್ಮ. ನನ್ನ ಎರಡರಷ್ಟು ದನಿ. ಪಾಲಕ ಎಂದು ಹೇಳುವ ಮೊದಲೇ ತಾಟಿಗೆ ಅನ್ನ ಸಾರು ಬಿತ್ತು. ಉಂಡು ತಾಟು ಕೆಳಗಿಟ್ಟೆ. "ಏ ಅಣ್ಣಾ, ನಳ ಅಲ್ಲಿ ಅದ. ಇಲ್ಲಿ ಯಾರ ತಾಟ ಯಾರೂ ತೊಳಿಯಂಗಿಲ್ಲ" ಅಂದಳು. ಹೋಗಿ ತೊಳೆದೆ. ಪುಸ್ತಕದಲ್ಲಿ "ರುಚಿ ಬರೋಬರಿ ಇದೆ" ಎಂದು ಬರೆದೆ. ರುಚಿ ಹೇಗಿತ್ತೋ ನನಗೆ ಗೊತ್ತಿಲ್ಲ. ಬಿಸಿ ಇತ್ತು.

ಆಮೇಲೆ ಕಟ್ಟೆಯ ಮೇಲೆ ಕೂತು ನೋಡಿದೆ. ಸಂತೆಯಂಥ ಗದ್ದಲ. ಮೊಟ್ಟೆ ತಿನ್ನುವವರು, ಬಾಳೆಹಣ್ಣು ತಿನ್ನುವವರು, ಯಾವ ಸಾಲಿನಲ್ಲಿ ಯಾರು ಎಂದು ತಿಳಿಯುವುದಿಲ್ಲ. ಒಬ್ಬ ಹುಡುಗ ಅರ್ಧ ಬಾಳೆಹಣ್ಣಿಗೆ ಅರ್ಧ ಮೊಟ್ಟೆ ಬದಲು ಮಾಡಿಕೊಂಡ. ಬೇವಿನ ಮರದ ಬುಡದಲ್ಲಿ ಒಂದು ಬಡಕಲು ಹುಡುಗಿ ಒಬ್ಬಳೇ ಉಣ್ಣುತ್ತಿದ್ದಳು. ನೀಲಿ ರಿಬ್ಬನ್ನಿನ ಒಬ್ಬ ಹುಡುಗಿ ಇನ್ನೊಬ್ಬಳನ್ನು ಕರೆದುಕೊಂಡು ಓಡಿ ಬಂದು ಅವಳ ತಾಟು ಕಸಿದುಕೊಂಡು ಓಡಿಹೋದಳು. ಅನ್ನ ಸಮೇತ. ಆ ಬಡಕಲು ಹುಡುಗಿ ಸ್ವಲ್ಪ ಹೊತ್ತು ಕೂತಿದ್ದು, ಕೈ ಒರೆಸಿಕೊಂಡು ಅವರ ಹಿಂದೆ ಹೋದಳು. ಭಾಗಮ್ಮ ಇದನ್ನು ನೋಡಿದಳು. ನೋಡಿಯೂ ಸಾರು ಹಾಕುತ್ತಲೇ ಇದ್ದಳು.

ಉಣ್ಣುವವರ ತಾಟು ಕಸಿಯುವ ಶಾಲೆ. ಅಲ್ಲೇ ಡೈರಿ ತೆಗೆದು ಬರೆದುಕೊಂಡೆ. ಫಾರ್ಮಿನಲ್ಲಿ ಚಿತ್ತಾಪುರದ ಮೇಲೆ ಪೆನ್ಸಿಲಿನಿಂದ ಗೆರೆ ಎಳೆದೆ.

ಫೆಬ್ರವರಿ 14, ಶುಕ್ರವಾರ

ಚಿತ್ತಾಪುರ ಹೇಗಿದೆ ಎಂದು ಲುಂಬಿನಿ ಕೇಳಿದಳು. ಗದ್ದಲ ಅಂದೆ. ಎಂಥ ಗದ್ದಲ ಅಂದಳು. ಗದ್ದಲ ಅಂದರೆ ಗದ್ದಲ ಅಂದೆ.

ಆರು ಎಮ್ಮೆ.

ಫೆಬ್ರವರಿ 19, ಬುಧವಾರ

ಶಹಾಬಾದ್. ಕಲ್ಲು ಹಾಸಿದ ಅಂಗಳದ ಶಾಲೆ. ಆ ಊರಲ್ಲಿ ಕಲ್ಲು ಹಾಸದ ಅಂಗಳವೇ ಇಲ್ಲ, ಆದರೂ ಗುರುತಿಗೆ ಬರೆದೆ.

ಇಲ್ಲಿ ಎಲ್ಲವೂ ಶಿಸ್ತು. ಅಡುಗೆಯ ಬಷೀರಾ ಬಿಳಿ ಟೊಪ್ಪಿಗೆ, ಇಸ್ತ್ರಿ ಮಾಡಿದ ಏಪ್ರನ್ ಹಾಕಿಕೊಂಡು ಬಾಗಿಲಲ್ಲೇ ನಿಂತಿದ್ದಳು. ಅಡುಗೆಮನೆಯಲ್ಲಿ ಒಂದು ನೊಣ ಇರಲಿಲ್ಲ. ಮಕ್ಕಳು ಗೆರೆ ಎಳೆದಂತೆ ಕೂತಿದ್ದರು. ನನಗೆ ಕೊಟ್ಟ ಮೊಟ್ಟೆ ಬಾತುಕೋಳಿಯದೋ ಏನೋ, ಅಷ್ಟು ದೊಡ್ಡದು.

ಬಷೀರಾ ನಾನು ಉಣ್ಣುವುದನ್ನೇ ನೋಡುತ್ತ ನಿಂತಳು. ಏಪ್ರನ್ನಿನ ಅಂಚನ್ನು ಮತ್ತೆ ಮತ್ತೆ ಸರಿಮಾಡಿಕೊಳ್ಳುತ್ತಿದ್ದಳು. ಯಾಕೋ ತಿಳಿಯಲಿಲ್ಲ. ಉಪ್ಪು ಹೇಗಿದೆ ಎಂದು ಕೇಳಿದಳು. ಬರೋಬರಿ ಇದೆ ಅಂದೆ. ಪುಸ್ತಕದಲ್ಲೂ ಹಾಗೇ ಬರೆದೆ. ಅಷ್ಟರಲ್ಲಿ ಆಚೆಯ ಸಾಲಿನಲ್ಲಿ ಒಬ್ಬಳು ಉಪ್ಪು ಕೇಳಿದಳು, ಅವಳ ಹಿಂದೆ ಇಡೀ ಸಾಲು ಕೇಳಿತು. ಬಷೀರಾ ಒಂದು ಸೌಟು ಬಾಯಿಗೆ ಹಾಕಿಕೊಂಡು ಹಣೆ ಹಣೆ ಬಡಿದುಕೊಂಡಳು.

"ಯಾ ಅಲ್ಲಾ. ಉಪ್ಪೇ ಹಾಕಿಲ್ರಿ ನಾ. ಮತ್ತ ನೀವು ಬರೋಬರಿ ಅಂತ ಬರದೀರಲ್ರಿ ಸಾಹೇಬ್ರ?"

ಗೊತ್ತಾಗಲಿಲ್ಲ ಅಂದೆ. ಅವಳು ನನ್ನನ್ನು ಒಂದು ಥರ ನೋಡಿ, ಇನ್ನೊಂದು ಮೊಟ್ಟೆ ಇಟ್ಟಳು.

ನನ್ನನ್ನು ಸಾಹೇಬ ಎಂದು ಯಾಕೆ ಕರೆದಳೋ. ಚಸ್ಮಾ ಕಾರಣ ಇರಬೇಕು.

ಶಾಲೆ ಒಳ್ಳೆಯದೇ. ಹೆಸರಿನ ಮುಂದೆ ಒಂದು ಸೊನ್ನೆ ಸುತ್ತಿದೆ. ನೋಡೋಣ ಎಂಬ ಅರ್ಥ.

ಫೆಬ್ರವರಿ 24, ಸೋಮವಾರ

ಸಂಜೆ ಏಳೂವರೆ. ಸೇಡಂ ರೈಲು ಹೊತ್ತಿಗೆ ಸರಿಯಾಗಿ ಬಂತು. ಇಂಥದು ನಡೆದಾಗ ಬರೆದಿಡಬೇಕು.

ಹೆಡ್ ಮಾಸ್ತರ್ ಶರಣಬಸಪ್ಪನವರು ಗೇಟಿಗೇ ಬಂದು ಕೈ ಮುಗಿದರು. ಜವಾನನಿಗೆ ಹೆಡ್ ಮಾಸ್ತರ್ ಕೈ ಮುಗಿಯುವುದನ್ನು ನಾನು ಇದೇ ಮೊದಲು ನೋಡಿದ್ದು, ಅದೂ ಆ ಜವಾನ ನಾನೇ. ಹಿಂದೆ ಯಾರೋ ಬರುತ್ತಿರಬೇಕೆಂದು ತಿರುಗಿ ನೋಡಿದೆ. ಯಾರೂ ಇರಲಿಲ್ಲ.

ಕುರ್ಚಿ ಹಾಕಿಸಿದರು. ಮುಂದೆ ಟೇಬಲ್, ಮೇಲೆ ಬಟ್ಟೆ. ನಾನು ನನ್ನ ತಾಟು ತೆಗೆದರೆ ಬೇಡವೆಂದು ಗಾಜಿನ ತಾಟು ತರಿಸಿದರು. ನಾನು ಲಾಲಮ್ಮನದನ್ನೇ ಹಿಡಿದುಕೊಂಡೆ. ಆಮೇಲೆ ಮಾತು ಶುರು ಮಾಡಿದರು. ಊರು ಯಾವುದು? ವಾಡಿ. ಮೂಲ? ತೆಂಗಳಿ. ತೆಂಗಳಿಯಲ್ಲಿ ಯಾವ ಓಣಿ? ಊರ ಅಗಸಿಬಾಗಿಲಿನ ಆಚೆ. ಅಡ್ಡಹೆಸರು? ಹಚ್ಚುವುದಿಲ್ಲ. ಪಾಪ, ಬಾವಿಗೆ ಕೊಡ ಬಿಟ್ಟವರಂತೆ ಹಗ್ಗ ಬಿಡುತ್ತಲೇ ಇದ್ದರು. ಕೊನೆಗೆ ಮನೆದೇವರು ಯಾರು ಅಂದರು. ಅವರಿಗೂ ದಣಿವಾಗಬಾರದೆಂದು "ಬುದ್ಧ" ಅಂದೆ. "ಭಾಳ ಛಲೋ, ಭಾಳ ಛಲೋ" ಎಂದು ಎರಡು ಸಲ ಹೇಳಿ, ಹಪ್ಪಳ ತರಿಸಿದರು.

ಮಕ್ಕಳು ನನ್ನ ಕಡೆ ನೋಡದೆ ಉಂಡರು. ಒಬ್ಬರೂ ಮಾತಾಡಲಿಲ್ಲ. ಇನ್ನೂರು ಮಕ್ಕಳು ಉಣ್ಣುವಾಗ ಸೌಟಿನ ಸದ್ದು ಕೇಳಿಸುವುದು ಅಂದರೆ ಸಾಮಾನ್ಯವಲ್ಲ. ಶಿಸ್ತೇ ಇರಬೇಕು. ಮನೆಗೆ ಬಂದು ಹೇಳಿದೆ. ಲುಂಬಿನಿ, ಸುಮ್ಮನೆ ಉಣ್ಣುತ್ತಾರೆಯೇ ಎಂದು ಕೇಳಿ, ಎದ್ದು ಒಳಗೆ ಹೋದಳು.

ಇದಕ್ಕೂ ಸೊನ್ನೆ.

ಫೆಬ್ರವರಿ 28, ಶುಕ್ರವಾರ

ಚಿಂಚೋಳಿ. ಬಸ್ಸಿನಲ್ಲಿ ಸೊಂಟ ಹೋಯಿತು. ಆದರೂ ಬರೆಯಲೇಬೇಕು.

ಗೇಟಿನ ಹತ್ತಿರ ಹೋಗುತ್ತಿದ್ದಂತೆ ಎಂಟು ಹುಡುಗಿಯರು ಸ್ವಾಗತ ಗೀತೆ ಹಾಡಿದರು. ಮುಗಿದ ಮೇಲೆ ಇಡೀ ಶಾಲೆ ನನ್ನನ್ನು ನೋಡಿ ಒಟ್ಟಿಗೆ ನಕ್ಕಿತು. ಅಷ್ಟು ಹಲ್ಲು ಒಟ್ಟಿಗೆ ಕಂಡರೆ ಎತ್ತು ಹಗ್ಗ ಹರಿದುಕೊಂಡು ಹೋಗುತ್ತದೆ. ನಾನು ನಿಂತೆ, ಸರ್ಕಾರಿ ನೌಕರ.

ಊಟಕ್ಕೆ ಸಾಲು ಎತ್ತರದ ಪ್ರಕಾರ. ಅಡುಗೆಯ ಮುದುಕಿ ಅರ್ಧ ಕನ್ನಡ, ಅರ್ಧ ತೆಲುಗು. ಶ್ಯಾವಿಗೆ ಪಾಯಸ ಮಾಡಿದ್ದಳು. ಎರಡು ಸಲ ಹಾಕಿದಳು. ಮೂರನೆಯ ಸಲ ಹಾಕುವಾಗ ನಾನು ತಾಟು ಹಿಂದೆ ಸರಿಸಲಿಲ್ಲ. ಏಲಕ್ಕಿ ಒಂದಿಷ್ಟು ಹೆಚ್ಚಾಗಿತ್ತು, ಆದರೆ ಶ್ಯಾವಿಗೆ ಹುರಿದದ್ದು ಚೆನ್ನಾಗಿತ್ತು.

ಬರುವಾಗ ಬಸ್ಸಿನಲ್ಲಿ ಲೆಕ್ಕ ಹಾಕಿದೆ. ಹಾಡುವ, ನಗುವ ಮಕ್ಕಳು. ಲುಂಬಿನಿಯನ್ನು ಕಂಡು ಸುಮ್ಮನಾಗುವುದಿಲ್ಲ. ವಾಡಿಯಿಂದ ಎಲ್ಲಕ್ಕಿಂತ ದೂರ, ಗುರುತಿನವರು ಯಾರೂ ಇಲ್ಲ. ಫಾರ್ಮಿನಲ್ಲಿ ಪೆನ್ಸಿಲಿನಿಂದ ಚಿಂಚೋಳಿ ಎಂದು ಬರೆದೆ. ಭಾನುವಾರ ಪೆನ್ನಿನಲ್ಲಿ ತಿದ್ದುತ್ತೇನೆ.

ಒಂದು ವಿಚಿತ್ರ: ಮೊದಲ ಶಾಲೆಗಿಂತ ಎರಡನೆಯದು ಚೆಂದ, ಎರಡನೆಯದಕ್ಕಿಂತ ಮೂರನೆಯದು, ಮೂರನೆಯದಕ್ಕಿಂತ ನಾಲ್ಕನೆಯದು. ಇನ್ನೂ ನಾಲ್ಕು ಊರು ಸುತ್ತಿದ್ದರೆ ಆನೆಯ ಮೇಲೆ ಕೂರಿಸುತ್ತಿದ್ದರೋ ಏನೋ.

ಮಾರ್ಚ್ 2, ಭಾನುವಾರ

ಮಧ್ಯಾಹ್ನ ಮೂರು ಗಂಟೆ. ಪೆನ್ನಿನಲ್ಲಿ ಬರೆಯಲಿಲ್ಲ. ಯಾಕೆ ಎಂದು ಮೊದಲಿನಿಂದ ಬರೆಯುತ್ತೇನೆ.

ಫಾರ್ಮು ತೆಗೆದು ಕೂತಿದ್ದೆ. ಒಳಗಿನ ಖೋಲಿಯಿಂದ ಒಂದು ಸದ್ದು ಬಂತು. ಬೆಕ್ಕು ಸೀನಿದಂತೆ. ಮತ್ತೆ ಬಂತು. ಎದ್ದು ಹೋಗಿ ನೋಡಿದರೆ ಲುಂಬಿನಿ ದಿಂಬಿನಲ್ಲಿ ಮುಖ ಮುಚ್ಚಿಕೊಂಡಿದ್ದಳು, ಮೈಯೆಲ್ಲ ಅಲುಗುತ್ತಿತ್ತು. ಅಳುತ್ತಿದ್ದಾಳೆಂದು ಬಾಗಿಲಲ್ಲೇ ನಿಂತೆ. ದಿಂಬು ಸರಿಯಿತು. ನಗುತ್ತಿದ್ದಳು. ಕಣ್ಣಲ್ಲಿ ನೀರು ಬರುವಷ್ಟು.

ಕೈಯಲ್ಲಿ ಲಾಲಮ್ಮನ ಮೊಬೈಲು. ಅದು ಟ್ರಂಕಿನಲ್ಲಿ ಸತ್ತು ಬಿದ್ದಿದೆ ಎಂದು ನಾನು ತಿಳಿದಿದ್ದೆ. ನವೆಂಬರಿನಿಂದ ಈ ಹುಡುಗಿ ದಿನಾ ಅದಕ್ಕೆ ಚಾರ್ಜ್ ಹಾಕಿದ್ದಾಳೆ. ಅದರಲ್ಲಿ ಲಾಲಮ್ಮ ಇದ್ದ ವಾಟ್ಸಾಪ್ ಗ್ರೂಪು ಇದೆ, ಹೆಸರು "ಬಿಸಿಯೂಟದ ಅಕ್ಕಂದಿರು". ಕಲಬುರಗಿಯಲ್ಲಿ ತರಬೇತಿಗೆ ಹೋದಾಗ ಸುತ್ತಲಿನ ತಾಲ್ಲೂಕುಗಳ ಅಡುಗೆಯವರೆಲ್ಲ ಸೇರಿ ಮಾಡಿಕೊಂಡದ್ದು. ಬರೆಯುವ ಕಷ್ಟ ಬೇಡವೆಂದು ಎಲ್ಲರೂ ಮಾತಾಡಿಯೇ ಕಳಿಸುತ್ತಾರೆ.

ಲುಂಬಿನಿ ಕೂರಿಸಿ ಕೇಳಿಸಿದಳು. ಫೆಬ್ರವರಿ ಹದಿಮೂರರದು, ಭಾಗಮ್ಮನ ದನಿ. ಆ ದನಿ ಗುರುತು ಹಿಡಿಯಲು ಕಷ್ಟವೇ ಇಲ್ಲ.

"ಅಕ್ಕಗೋಳ್ರ್ಯಾ, ಹುಷಾರಿರ್ರಿ. ಇವತ್ತ ನಮ್ ಸಾಲಿಗಿ ಒಬ್ಬಾಂವ ಬಂದಿದ್ದ. ಬಿಳಿ ಅಂಗಿ, ಚಸ್ಮಾ, ಕೈಯಾಗ ತಂದೇ ತಾಟ. ನಾ ಯಾರೋ ಅಂದ್ಕೊಂಡು ತಾಟ ತೊಳಿ ಅಂದುಬಿಟ್ಟೀನಿ. ಆಮ್ಯಾಲ ನೋಡ್ತೀನಿ, ಡೈರಿ ತಗದು ಬರೀಲಿಕತ್ತಾನ. ಮಾತ ಅಂಬೋದೇ ಇಲ್ಲ. ದನ ಕೊಳ್ಳಾಕ ಬಂದವರಂಗ ಪೋರಗೋಳಿಗಿ ನೋಡ್ತಾನ. ಜಿಲ್ಲಾದಿಂದ ಬಂದ ಸಾಹೇಬ ಇರಬೇಕು."

ಮುಂದೆ ಬಷೀರಾ: ಉಪ್ಪಿಲ್ಲದ ಸಾರಿಗೆ ಬರೋಬರಿ ಎಂದು ಬರೆದು ಹೋಗಿದ್ದಾರೆ, ಇದು ನನ್ನನ್ನು ಸಿಕ್ಕಿಸಲು ಹೂಡಿದ ಆಟ, ಹದಿನೈದು ದಿನದಲ್ಲಿ ನೋಟಿಸು ಬರುತ್ತದೆ. ಆಮೇಲೆ ಸೇಡಂನವರು ಹಿಂದಿನಿಂದ ತೆಗೆದ ನನ್ನ ಫೋಟೋ ಹಾಕಿದ್ದಾರೆ. ತಲೆಯ ಹಿಂದೆ ಅಷ್ಟು ಕೂದಲು ಉದುರಿದ್ದು ನನಗೆ ಗೊತ್ತೇ ಇರಲಿಲ್ಲ. ಕೆಳಗೆ ಹದಿನೆಂಟು ಜನ ಕೈ ಮುಗಿದ ಚಿತ್ರ ಹಾಕಿದ್ದಾರೆ. ಕೊನೆಗೆ ಚಿಂಚೋಳಿಯ ಮುದುಕಿ: "ಬಂದ, ಹೋದ. ಹಾಡಿಸೀವಿ, ನಗಿಸೀವಿ. ಸಾಹೇಬ ಅಲ್ಲ ಏನಲ್ಲ ತಲ್ಲಿ. ಮೂರ ಸಲ ಪಾಯಸ ಉಂಡಾನ. ಯಾರೋ ಮನ್ಯಾಗ ಮಾಡಿ ಹಾಕವರಿಲ್ದ ಮನಷ್ಯಾ ಕಾಣ್ತಾನ."

ಅದನ್ನು ಕೇಳಿ ನಾನು ಚಸ್ಮಾ ತೆಗೆದು ಒರೆಸಿದೆ, ಲುಂಬಿನಿ ನನ್ನನ್ನೇ ನೋಡಿದಳು. ಆಮೇಲೆ ಅವಳು ನನ್ನ ಫೋಟೋ ದೊಡ್ಡದು ಮಾಡಿ ತೋರಿಸಿದಳು. ಮತ್ತೆ ಬೆಕ್ಕು ಸೀನಿದಂತಾಯಿತು. ಈ ಸಲ ಎರಡು ಬೆಕ್ಕು.

ಅಂದರೆ ನಾನು ನೋಡಿದ್ದು ಶಾಲೆಯಲ್ಲ, ನನ್ನನ್ನು ಕಂಡು ಹೆದರಿದ ಶಾಲೆ. ಮಾರುವ ದಿನ ಎಮ್ಮೆಗೆ ಎಣ್ಣೆ ಹಚ್ಚಿ, ಕೊಂಬಿಗೆ ಬಣ್ಣ ಬಳಿದು ತರುತ್ತಾರೆ. ಅದನ್ನು ನೋಡಿ ಯಾರೂ ಕೊಳ್ಳಬಾರದು ಎಂದು ಹದಿನಾರು ವರ್ಷದಿಂದ ರೈತರಿಗೆ ಹೇಳುವವನು ನಾನೇ.

ಇದ್ದಂತೆ ನೋಡಿದ್ದು ಒಂದೇ ಶಾಲೆ. ಅದೇ ತಾಟು ಕಸಿಯುವ ಶಾಲೆ.

ಫಾರ್ಮು ಕೊಡಲು ಎಂಟು ದಿನ ಉಳಿದಿದೆ. ನಾಲ್ಕರಲ್ಲಿ ಯಾವುದೂ ಗೊತ್ತಿಲ್ಲ ಎಂದಾಯಿತು.

ಮಾರ್ಚ್ 3, ಸೋಮವಾರ

ಆ ಗ್ರೂಪಿನಲ್ಲಿ ಲಾಲಮ್ಮನ ದನಿಯೂ ಇದೆ ಎಂದು ಲುಂಬಿನಿ ಹೇಳಿದಳು. ಬೇಡ ಅಂದೆ. ಸಂಜೆ ಕೇಳಿದೆ.

"ಬ್ಯಾಳಿ ಬೇಯೋಕಿಂತ ಮುಂಚೆ ಉಪ್ಪ ಹಾಕಬ್ಯಾಡ್ರವಾ, ಬೇಯಂಗಿಲ್ಲ. ಬೆಂದ ಮ್ಯಾಲ ಹಾಕ್ರಿ."

ಅಷ್ಟೇ. ಆರು ಸೆಕೆಂಡು.

ಮಾರ್ಚ್ 4, ಮಂಗಳವಾರ

ಲುಂಬಿನಿ ನನಗೆ ಹೇಳದೆ ಗ್ರೂಪಿಗೆ ಬರೆದುಬಿಟ್ಟಿದ್ದಾಳೆ: "ಅವರು ಸಾಹೇಬರಲ್ಲ. ನಮ್ಮ ಅಪ್ಪ ದೇವಿಂದ್ರ. ದನದ ದವಾಖಾನೆಯಲ್ಲಿ ಜವಾನ. ನನಗೆ ಹೈಸ್ಕೂಲು ಹುಡುಕುತ್ತಿದ್ದಾರೆ. ನಾನು ಲಾಲಮ್ಮನ ಮಗಳು."

ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಯಾರೂ ಏನೂ ಕಳಿಸಲಿಲ್ಲವಂತೆ. ಅಷ್ಟು ಹೊತ್ತು ಆ ಗ್ರೂಪು ಸುಮ್ಮನಿದ್ದದ್ದು ಇದೇ ಮೊದಲಿರಬೇಕು. ಲುಂಬಿನಿಯ ಮುಖ ಸಣ್ಣದಾಯಿತು. ಇಲ್ಲೂ ಸುಮ್ಮನಾದರಲ್ಲ ಎಂದುಕೊಂಡಳೋ ಏನೋ. ಎರಡು ಗಂಟೆಗೆ ಭಾಗಮ್ಮನ ದನಿ ಬಂತು.

"ಹಂಗಾರ ನಿಮ್ಮಪ್ಪ ತಾಟಿನ ಮ್ಯಾಲ ಹೆಬ್ಬೆಟ್ಟ ಯಾಕ ಇಟ್ಕೊಂಡಿದ್ದ? ಲಾಲಮ್ಮನ ಹೆಸರ ಕಂಡಿದ್ರ ಇನ್ನಾ ನಾಕ ಮಾತ ಬೈತಿದ್ದೆ. ಕರಕೊಂಡ ಬಾರವಾ ಅವನ್ನ. ಗುರುವಾರ ಬಾ."

ಅದರ ಕೆಳಗೆ ಬಷೀರಾ: ನೋಟಿಸು ಬರುವುದಿಲ್ಲವೆಂದರೆ ನಾನೂ ಒಂದು ಮಾತು ಹೇಳುತ್ತೇನೆ, ನಿಮ್ಮಪ್ಪನಿಗೆ ನಾಲಿಗೆ ತೋರಿಸು ಅನ್ನು, ಡಾಕ್ಟರಿಗೆ. ಯಾವ ಡಾಕ್ಟರಿಗೆ? ನಮ್ಮ ಸಾಹೇಬರು ಎಮ್ಮೆಯ ನಾಲಿಗೆ ನೋಡುವವರು.

ಮಾರ್ಚ್ 6, ಗುರುವಾರ

ಸಂಜೆ ಆರೂವರೆ. ಇನ್ನೂ ಕೈ ಕಾಲು ತೊಳೆದಿಲ್ಲ. ಮೊದಲು ಬರೆಯುತ್ತೇನೆ.

ಲುಂಬಿನಿಗೆ ಒಂದು ದಿನ ಶಾಲೆ ಬಿಡಿಸಿ ಕರೆದುಕೊಂಡು ಹೋದೆ. ರೈಲಿನಲ್ಲಿ ಅವಳು ಲಾಲಮ್ಮನ ತಾಟನ್ನು ಎದೆಗೆ ಅವಚಿಕೊಂಡು ಕೂತಿದ್ದಳು. ನನಗೆ ಬೇರೆ ತಾಟು ತಂದಿದ್ದಳು. ದಾರಿಯಲ್ಲಿ ಒಮ್ಮೆ, ಅಲ್ಲಿ ಎಲ್ಲರಿಗೂ ಗೊತ್ತಿರುತ್ತದಲ್ಲ ಎಂದಳು. ನನಗೂ ಅದೇ ಚಿಂತೆ. ಭಾಗಮ್ಮ ಮಕ್ಕಳಿಗೆಲ್ಲ ಸಾರಿ ಹೇಳಿದ್ದರೆ ವಾಡಿಯ ಹಾಗೇ ಆಯಿತು.

ಭಾಗಮ್ಮ ನನ್ನನ್ನು ಕಂಡ ಕೂಡಲೇ ಸೌಟು ಎತ್ತಿ, "ಬರ್ರಿ ಸಾಹೇಬ್ರ, ಇವತ್ತ ಯಾರಿಗಿ ನೋಟಿಸು?" ಅಂದಳು. ಲುಂಬಿನಿಯ ಗಲ್ಲ ಹಿಡಿದು ಒಂದು ಗಳಿಗೆ ನೋಡಿದಳು. ಸಾರು ಹಾಕಿದಳು. ನಾನು ಕೇಳುವ ಮೊದಲೇ, ಮಕ್ಕಳಿಗೆ ಏನೂ ಹೇಳಿಲ್ಲ, ಹೇಳಬೇಕೆನ್ನಿಸಿದರೆ ಅವಳೇ ಹೇಳಿಕೊಳ್ಳಲಿ ಅಂದಳು.

ಲುಂಬಿನಿ ಯಾರ ಹತ್ತಿರವೂ ಹೋಗಲಿಲ್ಲ. ನೇರ ಬೇವಿನ ಮರದ ಬುಡಕ್ಕೆ ಹೋಗಿ ಗೋಡೆಗೆ ಮುಖ ಮಾಡಿ ಕೂತಳು. ಅದೇ ಜಾಗ. ನಾನು ಕೈಯಲ್ಲಿ ತುತ್ತು ಹಿಡಿದೇ ಕೂತೆ. ಆ ನೀಲಿ ರಿಬ್ಬನ್ನಿನ ಹುಡುಗಿ ಎದ್ದು ನಿಂತಿದ್ದನ್ನು ನೋಡಿದೆ. ಅವಳ ಜೊತೆ ಇನ್ನೊಬ್ಬಳು, ಬಡಕಲು. ಹೋದ ಸಲ ತಾಟು ಕಳೆದುಕೊಂಡವಳೇ. ಇಬ್ಬರೂ ಓಡಿ ಬಂದರು. ಈ ಸಲ ಕೈ ಹಾಕಿದ್ದು ಆ ಬಡಕಲು ಹುಡುಗಿ. ಲಾಲಮ್ಮನ ತಾಟು ಹಾರಿಹೋಯಿತು.

ನಾನು ಎದ್ದೆ. ನನ್ನ ತಾಟು ಉರುಳಿತು. ಭಾಗಮ್ಮ ತೋಳು ಹಿಡಿದು ಎಳೆದಳು.

"ಕುಂದರ್ರಿ. ಅಲ್ಲಿ ನಿಮ್ಮ ಕೆಲಸಿಲ್ಲ."

"ಆ ತಾಟ..."

"ಗೊತ್ತದ ಯಾರ ತಾಟಂತ. ಕುಂದರ್ರಿ."

ಆಮೇಲೆ ಹೇಳಿದಳು. ಹೊಸದಾಗಿ ಬಂದವರು ಒಬ್ಬರೇ ಕೂತು ಉಂಡರೆ ಅವರ ತಾಟು ಕಸಿದು ತಮ್ಮ ಸಾಲಿನಲ್ಲಿ ಇಟ್ಟುಕೊಳ್ಳುವುದು ಈ ಶಾಲೆಯ ಹುಡುಗಿಯರ ರೂಢಿ. ಯಾವ ವರ್ಷದಿಂದಲೋ ನಡೆದು ಬಂದಿದೆ. ಮಾಸ್ತರರು ಹೇಳಿಕೊಟ್ಟದ್ದಲ್ಲ. "ಬಾ ಅಂದ್ರ ಯಾರ ಬರ್ತಾರ್ರಿ? ನಾಚತಾವ. ತಾಟ ಹೋದ್ರ ಹಸದ ಪೋರಿ ಬರಲೇಬೇಕಲ್ಲ." ಆ ಬಡಕಲು ಹುಡುಗಿ ಜನವರಿಯಲ್ಲಿ ಚಿಮ್ಮನಚೋಡದಿಂದ ಬಂದವಳು. ಇಪ್ಪತ್ತು ದಿನ ಅವಳ ತಾಟು ಕಸಿದಿದ್ದಾರೆ. ಈಗ ಅವಳೇ ಕಸಿಯಲು ಹೊರಟಿದ್ದಾಳೆ.

ಇದನ್ನೇ ನಾನು ಪೆನ್ಸಿಲಿನಿಂದ ಹೊಡೆದು ಹಾಕಿದ್ದೆ. ಉಣ್ಣುವಾಗ ನಿಂತು ನೋಡು ಎಂದಿದ್ದಳು ಲಾಲಮ್ಮ. ನಿಂತು ನೋಡಿದ್ದೆ, ಕೇಳಿರಲಿಲ್ಲ. ಕೇಳಲು ಬಾಯಿ ಬೇಕಾಗಿತ್ತು.

ಲುಂಬಿನಿ ಖಾಲಿ ಕೈಯಲ್ಲಿ ನಿಂತಿದ್ದಳು. ಅಳುತ್ತಾಳೆ ಎಂದುಕೊಂಡೆ. ನಾಲ್ಕು ತಿಂಗಳಿಂದ ಪಿಸುಮಾತಿನಲ್ಲಿ ಬದುಕಿದ ಹುಡುಗಿ ಇಡೀ ಅಂಗಳ ತಿರುಗಿ ನೋಡುವಂತೆ ಕೂಗಿದಳು: "ಏ, ಕೊಡ್ರೇ ನನ್ನ ತಾಟ!" ಅವಳ ತಾಯಿಯ ದನಿಯೇ. ಕೂಗಿ, ಓಡಿದಳು.

ನೀಲಿ ರಿಬ್ಬನ್ನಿನವಳ ಹೆಸರು ಶಿವಗಂಗಾ. ಅವಳು ತಾಟು ತಿರುಗಿಸಿ ಅಂಚು ಓದಿದಳು. ಓದಿ ಜಾಗ ಬಿಟ್ಟು ಸರಿದು ಕೂತಳು.

"ಲಾಲಮ್ಮ ಅಂತ ಬರದದ. ಲಾಲಮ್ಮ, ಬಾ, ಇಲ್ಲಿ ಕುಂದ್ರು. ತತ್ತಿ ತಿಂತೀಯೋ, ಬಾಳೆಹಣ್ಣೋ?"

ಲುಂಬಿನಿ ನನ್ನ ಕಡೆ ನೋಡಿದಳು. ನಾನು ಭಾಗಮ್ಮನ ಕಡೆ ನೋಡಿದೆ. ಭಾಗಮ್ಮ ಕೊಳಗದ ಒಳಗೆ ನೋಡುತ್ತಿದ್ದಳು. ನನ್ನ ಹೆಸರು ಅದಲ್ಲ ಎಂದು ಲುಂಬಿನಿ ಹೇಳಲಿಲ್ಲ. "ತತ್ತಿ" ಅಂದಳು. ಕೂತಳು.

ಊಟ ಮುಗಿಯುವವರೆಗೆ ಕೇಳಿಸುತ್ತಲೇ ಇತ್ತು. ಲಾಲಮ್ಮ, ನೀರು ತಾ. ಲಾಲಮ್ಮ, ಈಚೆ ಸರಿ. ಲಾಲಮ್ಮ, ನಿಮ್ಮಪ್ಪ ಯಾಕೆ ಹಾಗೆ ನೋಡುತ್ತಿದ್ದಾರೆ? ನವೆಂಬರಿನಿಂದ ಆ ಹೆಸರನ್ನು ಯಾರೂ ನನ್ನ ಎದುರು ಹೇಳಿರಲಿಲ್ಲ. ಹೇಳಬಾರದೆಂದು ಎಲ್ಲರೂ ಎಚ್ಚರ ವಹಿಸಿದ್ದರು. ಇಲ್ಲಿ ಅಂಗಳದ ಈ ತುದಿಯಿಂದ ಆ ತುದಿಗೆ ಎಸೆಯುತ್ತಿದ್ದರು.

ಭಾಗಮ್ಮ ನನಗೆ ಬೇರೆ ತಾಟಿನಲ್ಲಿ ಮತ್ತೆ ಹಾಕಿಕೊಟ್ಟಳು. ಉಂಡೆ. ಸಾರಿಗೆ ಹುಣಸೆಹಣ್ಣು ಹೆಚ್ಚಾಗಿದೆ, ಬೇಳೆ ಇನ್ನೊಂದು ಕುದಿ ಬೇಕಿತ್ತು, ಒಗ್ಗರಣೆಗೆ ಬೆಳ್ಳುಳ್ಳಿ ಹಾಕಿದರೆ ಸಾಕಾಗುವುದಿಲ್ಲ, ಜಜ್ಜಿ ಹಾಕಬೇಕು ಅಂದೆ. ಹೋದ ಸಲ ಬರೋಬರಿ ಇದೆ ಎಂದು ಬರೆದವರು ಯಾರು ಎಂದು ಜಗಳಕ್ಕೆ ಬಂದಳು. ಪುಸ್ತಕ ತರಿಸಿ ಹಳೆಯದನ್ನು ಹೊಡೆದು ಹಾಕಿ ಹೊಸದಾಗಿ ಬರೆದೆ. ಐದು ಸಾಲು ಆಯಿತು. ತಾಟು ನಾನೇ ತೊಳೆದೆ.

ಮಾರ್ಚ್ 10, ಸೋಮವಾರ

ಸಂಜೆ ಏಳು. ಇವತ್ತು ಮೂರು ಎಮ್ಮೆ, ಒಂದು ಕರು. ಫಾರ್ಮು ಪೆನ್ನಿನಲ್ಲಿ ತುಂಬಿ ಕಲ್ಯಾಣಪ್ಪ ಸಾಹೇಬರಿಗೆ ಕೊಟ್ಟೆ. ಅವರು ನೋಡಿ ನಕ್ಕರು. "ಇಷ್ಟೆಲ್ಲಾ ತಿರುಗಿ ಬಾಜೂಕಿನ ಊರೇ ಹಿಡದೇನೋ ದೇವಿಂದ್ರ?" ಅಂದರು. ಯಾಕೆಂದು ಹೇಳಿದೆ. ಬಷೀರಾಳ ಉಪ್ಪು, ಸೇಡಂನ ಹಪ್ಪಳ, ಚಿಂಚೋಳಿಯ ಹಾಡು, ಎಲ್ಲ. ಸಾಹೇಬರ ಚಹಾ ಆರಿಹೋಯಿತು. ಹೊರಗೆ ಎಮ್ಮೆ ಹಿಡಿದು ನಿಂತಿದ್ದ ರೈತನೂ ಒಳಗೆ ಬಂದು ಕೂತು ಕೇಳಿದ. ಸಾಹೇಬರು ಯಾಕೋ ಕಥೆ ಬಿಟ್ಟು ನನ್ನ ಮುಖವನ್ನೇ ನೋಡುತ್ತಿದ್ದರು.

ಮನೆಗೆ ಬಂದಾಗ ಲುಂಬಿನಿ ಮೊಬೈಲು ಹಿಡಿದು ಕೂತಿದ್ದಳು. ಭಾಗಮ್ಮನ ಫೋನಿನಿಂದ ಶಿವಗಂಗಾ ಮಾತಾಡಿ ಕಳಿಸಿದ್ದಾಳೆ, ಲಾಲಮ್ಮ ರಜೆ ಮುಗಿದ ಮೇಲೆ ಮೊದಲ ದಿನವೇ ಬರಬೇಕಂತೆ, ತಡ ಮಾಡಿದರೆ ಕಿಟಕಿಯ ಪಕ್ಕದ ಜಾಗ ಹೋಗುತ್ತದಂತೆ.

ಇನ್ನೂ ನಿಜವಾದ ಹೆಸರು ಹೇಳಿಲ್ಲವೇ ಎಂದು ಕೇಳಿದೆ.

"ಹೇಳ್ತೀನಿ" ಅಂದಳು. "ಮೂರು ವರ್ಷ ಅದಲ್ಲಪ್ಪಾ, ಏನವಸರ?"

ಅನ್ನ, ಬೇಳೆ ಮಾಡಿದೆ. ಬೇಳೆ ಬೆಂದ ಮೇಲೆ ಉಪ್ಪು ಹಾಕಿದೆ. ಲುಂಬಿನಿ ಎರಡನೆಯ ಸಲ ಹಾಕಿಸಿಕೊಂಡಳು, ನಾನೂ. ಪ್ಯಾಕೆಟ್ಟು ಖಾಲಿಯಾಯಿತು. ನಾಳೆ ಉಪ್ಪು ತರಬೇಕು.